ಬರ್ಮಾ ಆಂಟಿಯ ಲೋಟ

ಬರ್ಮಾ ದೇಶದಲ್ಲಿ ಕೆಟ್ಟದ್ದು ಎಂಬುದೇ ಇಲ್ಲ. ಅಲ್ಲಿನ ಮಾವಿನಹಣ್ಣಿನಲ್ಲಿ ನಾರಿಲ್ಲ, ಅಕ್ಕಿಯಲ್ಲಿ ಕಲ್ಲಿಲ್ಲ, ರೈಲು ತಡವಾಗಿ ಬರುವುದಿಲ್ಲ, ಅತ್ತೆಯಂದಿರು ಸೊಸೆಯರನ್ನು ಬೈಯುವುದಿಲ್ಲ. ಮಳೆ ಕೂಡ ಜನ ಮನೆ ಸೇರುವವರೆಗೆ ಕಾದು ಆಮೇಲೆ ಸುರಿಯುತ್ತದೆ. ಸೊಳ್ಳೆಗಳಿವೆ, ಇಲ್ಲವೆಂದಲ್ಲ. ಆದರೆ ಅವು ಮರ್ಯಾದಸ್ಥ ಸೊಳ್ಳೆಗಳು, ಕಿವಿಯ ಹತ್ತಿರ ಬಂದು ಒಂದು ಮಾತು ಹೇಳಿಯೇ ಕಚ್ಚುತ್ತವೆ. ಇದನ್ನೆಲ್ಲ ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಬೆಂಗಳೂರಿನ ಕಾಕ್ಸ್ ಟೌನಿನ ಒಂದು ಹಳೆಯ ಮನೆಯ ಅಡುಗೆಮನೆಯಲ್ಲಿ, ಮಣೆಯ ಮೇಲೆ ಕೂತು ಬಟಾಣಿ ಬಿಡಿಸುತ್ತ ಕಲಿತದ್ದು. ಕಲಿಸಿದವರು ನಮ್ಮ ಮನೆಯ ಓನರ್.

ಅವರಿಗೊಂದು ಹೆಸರಿತ್ತು. ಲೈಟ್ ಬಿಲ್ಲಿನ ಮೇಲೆ ಮಾತ್ರ ಅದು ಕಾಣುತ್ತಿತ್ತು, ಅದೂ ತಪ್ಪಾಗಿ. ಬೀದಿಗೆಲ್ಲ ಅವರು ಬರ್ಮಾ ಆಂಟಿ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ಬರೆದರೆ ಅವರನ್ನು ಚೆನ್ನಾಗಿ ಬಲ್ಲವರೇ ಇದು ಯಾರಪ್ಪ ಎಂದು ಕೇಳಿಯಾರು. ಹೋದ ವರ್ಷ ಅವರನ್ನು ಕಲ್ಪಳ್ಳಿಯ ಸ್ಮಶಾನಕ್ಕೆ ಒಯ್ದಾಗ, ಅಲ್ಲಿನವರು ತೀರಿಕೊಂಡವರ ಹೆಸರೇನು ಎಂದು ಕೇಳಿದರೆ ಹೆಗಲು ಕೊಟ್ಟವರು ಮುಖ ಮುಖ ನೋಡಿಕೊಂಡರು. ಕೊನೆಗೆ ನಾನೇ ಹೇಳಬೇಕಾಯಿತು.

ಆಂಟಿಯ ಮನೆಯವರು ತಮಿಳರು. ತಾತನ ಕಾಲದಲ್ಲೇ ರಂಗೂನಿಗೆ ಹೋಗಿ ಬಟ್ಟೆ ಅಂಗಡಿ ಇಟ್ಟಿದ್ದರು. ಆಂಟಿ ಹುಟ್ಟಿದ್ದು, ಬೆಳೆದದ್ದು ಅಲ್ಲಿಯೇ. ಅವರು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಸೈನ್ಯದ ಸರಕಾರ ಬಂತು, ಅಂಗಡಿಗಳೆಲ್ಲ ಸರಕಾರದ್ದಾದವು, ಇಂಡಿಯಾದವರು ಇಂಡಿಯಾಕ್ಕೆ ಹೋಗಿ ಎಂದರು. ಹಡಗು ಹತ್ತುವ ಮುಂಚೆ ಈ ಹುಡುಗಿಯ ಕಿವಿಯ ಓಲೆಯನ್ನೂ ಬಿಚ್ಚಿಸಿಕೊಂಡರಂತೆ. ಇಷ್ಟಾದ ಮೇಲೂ ಆ ದೇಶದಲ್ಲಿ ಕೆಟ್ಟದ್ದು ಎಂಬುದಿಲ್ಲ ನೋಡಿ. ಓಲೆ ಬಿಚ್ಚಿಸಿಕೊಂಡ ಅಧಿಕಾರಿ ಎಷ್ಟು ಮೆಲ್ಲಗೆ, ಎಷ್ಟು ಮರ್ಯಾದೆಯಿಂದ ಮಾತಾಡಿದ ಎಂದು ಆಂಟಿ ಇವತ್ತಿನ ಸುದ್ದಿ ಎಂಬಂತೆ ಹೊಗಳುತ್ತಿದ್ದರು. ನಮ್ಮ ಕಾರ್ಪೊರೇಷನ್ನಿನ ಗುಮಾಸ್ತರು ಅವನಿಂದ ಕಲಿಯಬೇಕಂತೆ.

ಮದ್ರಾಸಿಗೆ ಬಂದಿಳಿದು, ಅಲ್ಲಿಂದ ಬೆಂಗಳೂರಿನ ರೈಲ್ವೆ ನೌಕರರೊಬ್ಬರನ್ನು ಮದುವೆಯಾಗಿ, ಅವರು ಕಟ್ಟಿದ ಮನೆಗೆ ಬಂದರು. ಮಕ್ಕಳಿರಲಿಲ್ಲ. ನಾವು ಬಾಡಿಗೆಗೆ ಬರುವ ಹೊತ್ತಿಗೆ ಗಂಡನೂ ಇರಲಿಲ್ಲ. ದೇವರ ಗೂಡಿನಲ್ಲಿ ಮುರುಗನ ಪಕ್ಕ ಒಬ್ಬ ಸಣ್ಣ ಬುದ್ಧ ಇದ್ದ. ಇಬ್ಬರಿಗೂ ಒಂದೇ ಊದಿನಕಡ್ಡಿ.

ನಾವು ಗದಗಿನವರು. ಅಪ್ಪನಿಗೆ ಕೇಂದ್ರ ಸರಕಾರದ ಒಂದು ಆಫೀಸಿನಲ್ಲಿ ಗುಮಾಸ್ತಿಕೆ. ತೊಂಬತ್ತರ ದಶಕದ ಮೊದಲಿಗೆ ವರ್ಗವಾಗಿ ಬಂದು ಆಂಟಿಯ ಮನೆಯ ಹಿಂದಿನ ಎರಡು ಕೋಣೆ ಹಿಡಿದೆವು. ಮರುವರ್ಷವೇ ಅವ್ವ ಜ್ವರದಲ್ಲಿ ಹೋದಳು. ನನಗಾಗ ಒಂಬತ್ತು ವರ್ಷ. ಊರಿನಿಂದ ಬಂಧುಗಳು ಬಂದು, ಅತ್ತು, ಕಾರ್ಯ ಮುಗಿಸಿ, ಅಪ್ಪನಿಗೆ ಇನ್ನೊಂದು ಮದುವೆಯ ಮಾತು ತೆಗೆದು, ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ ಮೇಲೆ ತಾವೂ ರೈಲು ಹತ್ತಿದರು. ಉಳಿದದ್ದು ನಾನು, ಮತ್ತು ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಗೊತ್ತಿಲ್ಲದ ಅಪ್ಪ.

ಆ ಸಂಜೆ ಆಂಟಿ ಒಂದು ದೊಡ್ಡ ಬೋಗುಣಿ ತಂದಿಟ್ಟರು. ತೆಂಗಿನ ಹಾಲಿನಲ್ಲಿ ದಪ್ಪ ಶಾವಿಗೆ, ಮೇಲೆ ಕರಿದ ಈರುಳ್ಳಿ, ಬೆಳ್ಳುಳ್ಳಿ. ಖೌಸ್ವೇ ಎಂದು ಅದರ ಹೆಸರು ಹೇಳಿದರು. ರಂಗೂನಿನಲ್ಲಾದರೆ ಇದಕ್ಕೆ ಕೋಳಿ ಬೀಳುತ್ತದೆ, ನೀವು ಲಿಂಗ ಕಟ್ಟಿಕೊಂಡವರೆಂದು ಕಡಲೆಹಿಟ್ಟು ಹಾಕಿ ಮಾಡಿದ್ದೇನೆ ಎಂದೂ ಹೇಳಿ ಹೋದರು. ಅಪ್ಪನ ತಲೆಗೆ ಆಗ ಯಾವ ಮಾತೂ ಹೋಗುತ್ತಿರಲಿಲ್ಲ. ಒಂದು ಚಮಚ ಬಾಯಿಗಿಟ್ಟು ಬಹಳ ಹೊತ್ತು ಯೋಚಿಸಿದ.

“ಪಾಯಸದಾಗ ಬಳ್ಳೊಳ್ಳಿ ಹಾಕ್ಯಾರ,” ಎಂದ. “ಇರ್ಲಿ, ಸುಮ್ನ ಉಣ್ಣು.”

ಉಂಡೆವು. ಮರುದಿನ ಇನ್ನೊಂದು ಬೋಗುಣಿ ಬಂತು, ಆಮೇಲೆ ಬರುತ್ತಲೇ ಇತ್ತು. ಆಂಟಿ ನನ್ನನ್ನು ಅಪ್ಪಿಕೊಂಡು, ಇನ್ನು ಮೇಲೆ ನಾನೇ ನಿನ್ನ ತಾಯಿ ಎಂಬಂಥ ಮಾತು ಒಂದೂ ಆಡಲಿಲ್ಲ. ಅಂಥ ಮಾತು ಆಡುವವರನ್ನು ಕಂಡರೆ ಅವರಿಗೆ ಆಗುತ್ತಲೂ ಇರಲಿಲ್ಲ. ಅವರು ಮಾಡಿದ್ದು ನನಗೆ ‘ಗದಗು’ ಎಂದು ಹೆಸರಿಟ್ಟದ್ದು. ಏ ಗದಗು, ತಲೆ ಬಾಚ್ಕೊಂಡ್ಯಾ, ಏ ಗದಗು, ಹೋಮ್‌ವರ್ಕ್ ಮಾಡಿದ್ಯಾ. ತುಂಬ ಪ್ರೀತಿ ಬಂದಾಗ ಮಾತ್ರ ‘ಕಣ್ಣು’. ಅದು ವರ್ಷಕ್ಕೆ ಒಂದೆರಡು ಸಲ, ಜ್ವರ ಬಂದರೆ ಒಂದು ಸಲ ಹೆಚ್ಚಿಗೆ.

ಬರ್ಮಾದ ಉಳಿದ ಸಂಪತ್ತೆಲ್ಲ ಹಡಗುಕಟ್ಟೆಯಲ್ಲೇ ಉಳಿದುಹೋದದ್ದರಿಂದ ಅಭ್ಯಾಸಗಳನ್ನು ಮಾತ್ರ ತಂದಿದ್ದರು. ಅವನ್ನೆಲ್ಲ ಹೇರಲು ಅವರಿಗೆ ಒಂದು ಮಗು ಬೇಕಿತ್ತು, ಸಿಕ್ಕವಳು ನಾನು. ಬೇಲದ ಮರದ ತೊಗಟೆಯನ್ನು ಸಾಣೆಕಲ್ಲಿನ ಮೇಲೆ ತೇಯ್ದು ನನ್ನ ಎರಡೂ ಕೆನ್ನೆಗೆ ಬಳಿದು ಶಾಲೆಗೆ ಕಳಿಸುತ್ತಿದ್ದರು. ಬರ್ಮಾದಲ್ಲಿ ಹೆಂಗಸರೆಲ್ಲ ಹೀಗೇ ಹಚ್ಚಿಕೊಳ್ಳುತ್ತಾರಂತೆ, ಅದಕ್ಕೆಂದೇ ಅಲ್ಲಿ ಬೇರೆ ಮರವಿದೆಯಂತೆ, ನಮ್ಮ ಬೇಲ ಅದರ ಬಡ ನೆಂಟನಂತೆ. ಕ್ಲಾಸ್ ಟೀಚರು ಕಾಮಾಲೆಯೆಂದು ಹೆದರಿ ಅಪ್ಪನನ್ನು ಕರೆಸಿದರು. ಅಪ್ಪ ಬಂದು, ಕಾಮಾಲೆಯಲ್ಲ, ಬರ್ಮಾ ಎಂದು ವಿವರಿಸಿದ. ಶಾಲೆಯಲ್ಲಿ ನಾನು ಏಳನೇ ಕ್ಲಾಸಿನವರೆಗೆ ಕಾಮಾಲೆಯಾಗಿಯೇ ಉಳಿದೆ.

ಇನ್ನೊಂದು, ವಸ್ತು ಕೊಡುವ ಕ್ರಮ. ಯಾರಿಗೇ ಏನೇ ಕೊಟ್ಟರೂ ಬಲಗೈಯಲ್ಲಿ ಕೊಡಬೇಕು, ಕೊಡುವಾಗ ಎಡಗೈ ಬಲ ಮೊಣಕೈಯನ್ನು ಮುಟ್ಟಿರಬೇಕು. ಹಾಗೆ ಕೊಡದಿದ್ದರೆ ಆಂಟಿ ತೆಗೆದುಕೊಳ್ಳುತ್ತಲೇ ಇರಲಿಲ್ಲ, ಕಾಫಿ ಆರಿ ತಣ್ಣಗಾದರೂ ಸರಿ. ಇದು ನನ್ನ ಮೈಗೆ ಎಷ್ಟು ಅಂಟಿತೆಂದರೆ, ಮುಂದೆ ಇಂದಿರಾನಗರದ ಒಂದು ಬ್ಯಾಂಕಿನ ಕೌಂಟರಿನಲ್ಲಿ ಕೂತಾಗಲೂ ಪಾಸ್‌ಬುಕ್ಕನ್ನು ಹಾಗೆಯೇ ಕೊಡುತ್ತಿದ್ದೆ. ಗಿರಾಕಿಗಳು ಮರುಕದಿಂದ ನೋಡುತ್ತಿದ್ದರು. ಒಬ್ಬರಂತೂ ಮೊಣಕೈ ನೋವಿಗೆ ಹಲಸೂರಿನ ಒಬ್ಬ ಎಣ್ಣೆ ಹಚ್ಚುವವರ ವಿಳಾಸ ಹೇಳಿ ಹೋದರು.

ಆದರೆ ಬೀದಿಗೆಲ್ಲ ಕಾಣುವ ಬರ್ಮಾ ಎಂದರೆ ಗೇಟಿನ ಹೊರಗಿನ ಮಡಕೆ. ಇಟ್ಟಿಗೆಯ ಒಂದು ಸಣ್ಣ ಕಟ್ಟೆ, ಮೇಲೆ ಎರಡು ಹೆಂಚಿನ ಮಾಡು, ಅದರಡಿ ಕೆಂಪು ಮಣ್ಣಿನ ಮಡಕೆ, ಮರದ ಮುಚ್ಚಳ, ಮುಚ್ಚಳದ ಮೇಲೆ ಬೋರಲು ಹಾಕಿದ ಸ್ಟೀಲ್ ಲೋಟ. ದಿನಾ ಬೆಳಿಗ್ಗೆ ಹಳೆಯ ನೀರು ಗಿಡಕ್ಕೆ ಚೆಲ್ಲಿ, ಮಡಕೆ ತಿಕ್ಕಿ, ಹೊಸ ನೀರು ತುಂಬುತ್ತಿದ್ದರು. ದಾರಿಹೋಕರು ಕುಡಿಯಬೇಕು, ಅಷ್ಟೇ. ಅಪ್ಪ ಮೊದಲ ದಿನವೇ ಇದು ನಮ್ಮ ಕಡೆಯ ಅರವಟ್ಟಿಗೆ ಅಲ್ಲವೇ ಎಂದು ಸಂತೋಷಪಟ್ಟು ಕೇಳಿದ್ದ. ಆಂಟಿಗೆ ಅವಮಾನವಾಯಿತು. ನಿಮ್ಮದು ಬೇಸಿಗೆಯಲ್ಲಿ ನಾಲ್ಕು ದಿನ ಇಟ್ಟು ಬ್ಯಾನರ್ ಕಟ್ಟುವುದು, ನಮ್ಮ ಬರ್ಮಾದಲ್ಲಿ ಮನೆಮನೆಯ ಮುಂದೆ ವರ್ಷವಿಡೀ ಇರುತ್ತದೆ ಎಂದರು. ಅದಕ್ಕೆ ಬರ್ಮೀ ಭಾಷೆಯಲ್ಲಿ ಏನೋ ಒಂದು ಹೆಸರಿತ್ತು. ನಮ್ಮ ಬೀದಿಯಲ್ಲಿ ಯಾರ ಬಾಯಿಗೂ ಅದು ಬರಲಿಲ್ಲ.

ಈ ಪುಣ್ಯದ ವ್ಯವಸ್ಥೆಯಲ್ಲಿ ಒಂದೇ ತೊಂದರೆ ಎಂದರೆ ಲೋಟ ಕಳುವಾಗುತ್ತಿತ್ತು. ಒಮ್ಮೊಮ್ಮೆ ತಿಂಗಳು ಉಳಿಯುತ್ತಿತ್ತು, ಒಮ್ಮೊಮ್ಮೆ ಮಧ್ಯಾಹ್ನದವರೆಗೂ ಇಲ್ಲ. ಆಂಟಿ ನನ್ನನ್ನು ಕರೆದುಕೊಂಡು ಶಿವಾಜಿನಗರದ ಪಾತ್ರೆ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯ ಭಾಯ್ ನಮ್ಮನ್ನು ದೂರದಿಂದ ಕಂಡೇ ಲೋಟ ಕೆಳಗಿಳಿಸುತ್ತಿದ್ದ. ನಮ್ಮ ಬೀದಿಯ ಕಳ್ಳನಿಂದ ಅವನಿಗೆ ಒಳ್ಳೆಯ ವ್ಯಾಪಾರವಿತ್ತು, ಆದರೂ ಪಾಪ ಧರ್ಮಭೀರು ಮನುಷ್ಯ. ಒಂದು ದಿನ ಅವನಿಗೇ ತಡೆಯಲಿಲ್ಲ.

“ಅಮ್ಮಾ, ಒಂದು ಚೈನ್ ಹಾಕ್ಬಿಡಿ. ನಾನೇ ಫ್ರೀ ಕೊಡ್ತೀನಿ,” ಎಂದ.

“ಚೈನ್ ನಾಯಿಗೆ ಹಾಕ್ತಾರೆ ಭಾಯ್,” ಎಂದರು ಆಂಟಿ. “ನಮ್ಮ ಬರ್ಮಾದಲ್ಲಿ ನೀರಿನ ಲೋಟಕ್ಕೆ ಯಾರೂ ಹಾಕಲ್ಲ.”

ಭಾಯ್ ಆದರೂ ಚೈನನ್ನು ಲೋಟದೊಳಗೆ ಹಾಕಿಯೇ ಕಟ್ಟಿಕೊಟ್ಟ. ಆಂಟಿ ಅದರಿಂದ ವರಾಂಡದಲ್ಲಿ ಒಂದು ಹೂಕುಂಡ ನೇತುಹಾಕಿದರು. ಲೋಟ ಆ ವಾರವೇ ಹೋಯಿತು, ಹೂಕುಂಡ ಮಾತ್ರ ವರ್ಷಗಟ್ಟಲೆ ಭದ್ರವಾಗಿತ್ತು.

ಒಂದೇ ಒಂದು ಸಲ ಲೋಟ ಬಹಳ ದಿನ ಉಳಿಯಿತು. ಆಷಾಢದಲ್ಲಿ ಕಂಟೋನ್ಮೆಂಟಿನ ಕಡೆ ಮಾರಿಯಮ್ಮನ ಗುಡಿಗಳಲ್ಲೆಲ್ಲ ಜಾತ್ರೆಯ ಸಡಗರ. ಮಾಡಿನ ಕೆಳಗೆ ಮಡಕೆ ಕಂಡ ಯಾರೋ ಪುಣ್ಯಾತ್ಮರು ಅದು ಅಮ್ಮನ ಮಡಕೆಯೆಂದು ತಿಳಿದು ಕುಂಕುಮ ಹಚ್ಚಿ ಹೋದರು. ಮರುದಿನ ಬೇವಿನ ಸೊಪ್ಪು ಬಂತು, ಅದರ ಮರುದಿನ ನಿಂಬೆಹಣ್ಣಿನ ಹಾರ. ಒಬ್ಬ ಆಟೋದವನು ಹೊಸ ಗಾಡಿ ನಿಲ್ಲಿಸಿ ಕಾಯಿ ಒಡೆದ. ಕದಿಯುವವರಿಗೂ ಭಕ್ತಿಯಿರುತ್ತದಲ್ಲ, ಲೋಟವನ್ನು ಯಾರೂ ಮುಟ್ಟಲಿಲ್ಲ. ಬೀದಿಯವರೆಲ್ಲ, ಬಿಡಿ ಆಂಟಿ, ಹೀಗೇ ಇರಲಿ, ಒಳ್ಳೇದಾಯ್ತು ಎಂದರು. ಆಂಟಿ ಒಂದು ವಾರ ನೋಡಿದರು. ಲೋಟ ಹೋಗುತ್ತಿರಲಿಲ್ಲ ನಿಜ, ಆದರೆ ನೀರೂ ಖರ್ಚಾಗುತ್ತಿರಲಿಲ್ಲ. ದೇವರ ಮಡಕೆಗೆ ಬಾಯಿ ಹಾಕುವ ಧೈರ್ಯ ಯಾರಿಗಿದೆ?

ಎಂಟನೇ ದಿನ ಬಕೆಟ್ಟು, ತೆಂಗಿನ ನಾರು ಹಿಡಿದು ಹೊರಗೆ ಬಂದು ಅಮ್ಮನವರನ್ನು ತಿಕ್ಕಿ ತೊಳೆದುಬಿಟ್ಟರು. ನೋಡುತ್ತಿದ್ದ ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು. “ದೇವರಿಗೆ ಬಾಯಾರಿಕೆ ಇಲ್ಲ ಕಣೇ ಗದಗು,” ಎಂದರು ನನಗೆ, “ಆಟೋದವನಿಗೆ ಇದೆ.” ಸಂಜೆಗೆ ಮಡಕೆ ಖಾಲಿಯಾಗಿತ್ತು, ಲೋಟವೂ ಹೋಗಿತ್ತು. ಆಂಟಿಯ ಮುಖದಲ್ಲಿ ಆ ಸಂಜೆ ಇದ್ದಷ್ಟು ತೃಪ್ತಿಯನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ಎದುರು ಮನೆಯಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದರು. ಎರಡು ಸಾವಿರದ ಇಸವಿಯ ಆಚೆಗೆ ಬಿಲ್ಡರೊಬ್ಬರು ಆ ಮನೆ ಕೆಡವಿ ಫ್ಲಾಟು ಕಟ್ಟಿದರು, ಸುಬೇದಾರರಿಗೆ ಎರಡು ಫ್ಲಾಟು, ಜೊತೆಗೆ ಅಸೋಸಿಯೇಷನ್ನಿನ ಸೆಕ್ರೆಟರಿ ಪದವಿ ಸಿಕ್ಕಿತು. ಸೈನ್ಯ ಬಿಟ್ಟ ಮೇಲೆ ಅವರಿಗೆ ಗದರಿಸಲು ಯಾರೂ ಇರಲಿಲ್ಲ, ಈಗ ಮೂರು ಮಹಡಿ ಜನ ಸಿಕ್ಕರು. ಅವರನ್ನೆಲ್ಲ ಗದರಿಸಿ ಉಳಿದ ವೇಳೆಯಲ್ಲಿ ಬೀದಿಯ ಕಡೆ ಗಮನ ಕೊಟ್ಟರು. ಆಂಟಿಯ ಮಡಕೆಯಿಂದ ಸೊಳ್ಳೆ ಹುಟ್ಟುತ್ತದೆ, ಕಟ್ಟೆ ಚರಂಡಿಯ ಮೇಲೆ ಬಂದಿದೆ, ಮುಂದಿನ ತಿಂಗಳು ಚರಂಡಿ ಕೆಲಸಕ್ಕೆ ಬರುವವರಿಗೆ ಹೇಳಿ ತೆಗೆಸುತ್ತೇನೆ ಎಂದು ಸಾರಿದರು. ದಿನಾ ನೀರು ಬದಲಿಸುವ ಮಡಕೆಯಲ್ಲಿ ಸೊಳ್ಳೆ ಹೇಗೆ ಹುಟ್ಟುತ್ತದೆಂದು ಆಂಟಿ ಕೇಳಿದರು. ಬರ್ಮಾದಲ್ಲಿ ಮನೆಮನೆಯ ಮುಂದೆ ಇದೆ, ಅಲ್ಲೇನು ಜನ ಸತ್ತುಹೋದರೇ ಎಂದರು. ಸುಬೇದಾರರು ನಕ್ಕರು. ಈ ಬರ್ಮಾ ಕಥೆಯನ್ನು ಬೀದಿ ಎಷ್ಟೋ ವರ್ಷದಿಂದ ಕೇಳುತ್ತಿದೆ, ನೋಡಿದವರು ಯಾರಿದ್ದಾರೆ?

“ಒಂದು ಫೋಟೋ ತೋರ್ಸಿ ಸಾಕು ಮೇಡಂ,” ಎಂದರು. “ನಾನೇ ನಿಂತು ಕಟ್ಟೆಗೆ ಟೈಲ್ಸ್ ಹಾಕಿಸ್ತೀನಿ.”

ಆಂಟಿ ಗೇಟು ಹಾಕಿಕೊಂಡು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಆ ಹೊತ್ತಿಗಾಗಲೇ ಅವರಿಗೆ ಹೃದಯದ ತೊಂದರೆ, ನಾಲ್ಕು ಹೆಜ್ಜೆಗೆ ಉಸಿರು ಹತ್ತುತ್ತಿತ್ತು. ಬರ್ಮಾದಿಂದ ಬರುವಾಗ ಒಂದು ಫೋಟೋವನ್ನೂ ತರಲು ಬಿಟ್ಟಿರಲಿಲ್ಲ ಎಂದು ಅವರು ನನಗೆ ಹೇಳಿದ್ದು ಆಗಲೇ. ಅಷ್ಟು ವರ್ಷ ಅವರ ಮಾತಿಗೆ ನಾನೂ ಒಳಗೊಳಗೇ ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ, ಸಿಟ್ಟು ಬಂತು. ನಾನು ಹೋಗಿ ತರುತ್ತೇನೆ ಎಂದೆ.

ಬ್ಯಾಂಕಿನ ಗೆಳತಿಯರು ಸಿಂಗಾಪುರ, ಬ್ಯಾಂಕಾಕ್ ಎಂದು ಗುಂಪು ಕಟ್ಟುತ್ತಿದ್ದ ಕಾಲ ಅದು. ಬರ್ಮಾ ಎಂದಾಗ, ಅದು ಮದ್ರಾಸಿನಲ್ಲಿ ವಾಚು ಮಾರುವ ಜಾಗ ಅಲ್ಲವೇ ಎಂದು ಒಬ್ಬಳು ಕೇಳಿದಳು. ಟ್ರಾವೆಲ್ ಏಜೆಂಟು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅದು ಪ್ಯಾಕೇಜಿನಲ್ಲಿ ಬರುವುದಿಲ್ಲ, ಬೇಕಾದರೆ ಅದೇ ಖರ್ಚಿಗೆ ಪಟ್ಟಾಯ ತೋರಿಸುತ್ತೇನೆ ಎಂದ. ಅಪ್ಪ ಅಷ್ಟರಲ್ಲಿ ರಿಟೈರಾಗಿ ರಾಮಮೂರ್ತಿ ನಗರದಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದ್ದ, ನಾನೂ ಅಲ್ಲೇ ಇದ್ದೆ. ಅವನು ಬೈಯುತ್ತಾನೆಂದುಕೊಂಡೇ ಹೇಳಿದೆ.

“ನಿಮ್ಮವ್ವನ ಊರು ನೋಡೀದಿ,” ಎಂದ ಅಪ್ಪ. “ಈಕಿ ಊರೂ ನೋಡಬೇಕಲ್ಲ. ಹೋಗಿ ಬಾ.”

ಆಂಟಿಯನ್ನೂ ಕರೆದೆ. ಅಲ್ಲಿನವರು ಹೋಗಿ ಅಂದರು, ಬಂದೆ, ಮತ್ತೆ ಬರಲಾ ಅಂತ ಕೇಳುವ ಅಭ್ಯಾಸ ನನಗಿಲ್ಲ ಎಂದರು. ಹೊರಡುವ ಮುಂಚೆ ಆಜ್ಞೆಗಳಾದವು. ಅವರ ಮನೆ ಹುಡುಕಬಾರದು. ಇದ್ದರೂ ಬೇಜಾರು, ಇಲ್ಲದಿದ್ದರೂ ಬೇಜಾರು. ಮಣ್ಣುಗಿಣ್ಣು ತರಬಾರದು, ಅಂಥದ್ದಕ್ಕೆಲ್ಲ ಅಳುವ ವಯಸ್ಸು ಮುಗಿಯಿತು, ಕುಂಡಕ್ಕೆ ಇಲ್ಲಿನ ಮಣ್ಣೇ ಸಾಕು. ಮಡಕೆಯ ಫೋಟೋ ತಂದರೆ ಆಯಿತು, ಲೋಟ ಸರಿಯಾಗಿ ಕಾಣಬೇಕು.

ಕಲ್ಕತ್ತೆಗೆ ಹೋಗಿ ಅಲ್ಲಿಂದ ವಿಮಾನ ಹತ್ತಿ ರಂಗೂನಿನಲ್ಲಿ ಇಳಿದೆ. ಮೊದಲ ದಿನವೇ ಮಾವಿನಹಣ್ಣು ಕೊಂಡೆ, ಹಲ್ಲಿನ ತುಂಬ ನಾರು. ರೈಲು ಒಂದು ಮಧ್ಯಾಹ್ನವಿಡೀ ಬರಲಿಲ್ಲ. ಮಳೆ ನಾನು ನಡುಬೀದಿಯಲ್ಲಿದ್ದಾಗಲೇ ಬಂತು. ಹೋಟೆಲಿನ ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಸೊಸೆಯಂತೆ ಕಾಣುವವಳನ್ನು ಬೆಳಗಿನಿಂದ ಬೈಯುತ್ತಿದ್ದಳು. ಭಾಷೆ ಗೊತ್ತಿಲ್ಲದಿದ್ದರೂ ಅರ್ಥವಾಗುವಂಥ ಬೈಗಳು. ಸೊಳ್ಳೆಗಳು ಮಾತ್ರ ಆಂಟಿ ಹೇಳಿದಂತೆಯೇ ಇದ್ದವು, ಕಿವಿಗೆ ಒಂದು ಮಾತು ಹೇಳಿಯೇ ಕಚ್ಚಿದವು. ಬೆಂಗಳೂರಿನವೂ ಹಾಗೇ ಮಾಡುತ್ತವೆ ಎಂಬುದು ಬೇರೆ ಮಾತು.

ಎರಡನೇ ದಿನ ಬೆಳಿಗ್ಗೆ ಬೀದಿಬದಿಯಲ್ಲಿ ಮೊಳದೆತ್ತರದ ಸ್ಟೂಲಿನ ಮೇಲೆ ಕೂತು ಟೀ ಹೇಳಿದೆ. ಅಂಗಡಿಯ ಹೆಂಗಸಿನ ಎರಡೂ ಕೆನ್ನೆಗೆ ತೇಯ್ದ ತೊಗಟೆ ಬಳಿದಿತ್ತು. ಬಲಗೈಯಲ್ಲಿ ಟೀ ಹಿಡಿದು, ಎಡಗೈಯಿಂದ ಬಲ ಮೊಣಕೈ ಮುಟ್ಟಿಕೊಂಡು, ಸ್ವಲ್ಪ ಬಾಗಿ ಕೊಟ್ಟಳು. ನಾನು ಹಾಗೆಯೇ ದುಡ್ಡು ಕೊಟ್ಟೆ. ಕೊಟ್ಟ ಮೇಲೆಯೇ ನನಗೆ ತಿಳಿದದ್ದು. ಅವಳು ನನ್ನ ಮುಖ ನೋಡಿ, ಕೈ ನೋಡಿ, ನಕ್ಕು, ಬರ್ಮೀ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳುತ್ತ ಹೋದಳು, ನಾನು ಆ ಊರಿನ ಹುಡುಗಿಯೇ ಎಂಬಂತೆ. ನನಗೆ ಅಳು ತಡೆಯಲಾಗಲಿಲ್ಲ. ಜಗತ್ತಿನಲ್ಲಿ ನನ್ನ ಮೊಣಕೈಗೆ ನೋವಿಲ್ಲವೆಂದು ಗೊತ್ತಿದ್ದ ಊರು ಅದೊಂದೇ.

ಮಡಕೆಗಳೂ ಇದ್ದವು. ಆಂಟಿ ಒಂದಿಷ್ಟೂ ಉತ್ಪ್ರೇಕ್ಷೆ ಮಾಡಿರಲಿಲ್ಲ. ಗಲ್ಲಿಯ ಬಾಯಲ್ಲಿ, ಮರದಡಿಯಲ್ಲಿ, ಮನೆಗಳ ಮುಂದೆ, ಅದೇ ಸಣ್ಣ ಮಾಡು, ಅದೇ ಮುಚ್ಚಳ, ಮೇಲೆ ಬೋರಲು ಹಾಕಿದ ಲೋಟ. ಕ್ಯಾಮೆರಾ ತೆಗೆದು ಮೊದಲ ಮಡಕೆಯ ಹತ್ತಿರ ಹೋದೆ. ಲೋಟಕ್ಕೆ ಚೈನ್ ಇತ್ತು.

ಇದೊಂದು ಮನೆಯವರು ಜಿಪುಣರಿರಬೇಕೆಂದು ಮುಂದೆ ಹೋದೆ. ಅಲ್ಲಿ ತಂತಿ ಬಿಗಿದಿತ್ತು. ಮುಂದಿನದಕ್ಕೆ ನೈಲಾನ್ ಹಗ್ಗ. ಒಂದು ಕಡೆಯಂತೂ ಸೈಕಲ್ಲಿನ ಚೈನನ್ನೇ ಸುತ್ತಿ ಬೀಗ ಹಾಕಿದ್ದರು. ಆ ವಾರದಲ್ಲಿ ನಾನು ಪಗೋಡಾ ನೋಡಿದ್ದಕ್ಕಿಂತ ಲೋಟ ನೋಡಿದ್ದೇ ಹೆಚ್ಚು. ಚಿನ್ನದ ಗೋಪುರಕ್ಕೆ ಬೆನ್ನು ಹಾಕಿ ಚರಂಡಿಯ ಪಕ್ಕದ ಮಡಕೆಯ ಫೋಟೋ ತೆಗೆಯುತ್ತಿದ್ದ ಇಂಡಿಯಾದವಳನ್ನು ಜನ ನಿಂತು ನೋಡಿದರು. ಅಂಗಡಿಯೊಂದರಲ್ಲಿ ತಮಿಳು ಬಲ್ಲ ಮುದುಕರೊಬ್ಬರು ಸಿಕ್ಕಾಗ, ಮೊದಲೆಲ್ಲ ಚೈನ್ ಇರಲಿಲ್ಲವೇ ಎಂದು ಆಸೆಯಿಂದ ಕೇಳಿದೆ. ಚೈನ್ ಇಲ್ಲದಿದ್ದರೆ ಲೋಟ ಎಲ್ಲಿರುತ್ತದಮ್ಮಾ ಎಂದು ಅವರು ನನ್ನನ್ನೇ ಕೇಳಿದರು.

ಹೊರಡುವ ದಿನ ಒಂದು ಸಂದಿಯಲ್ಲಿ ಚೈನಿಲ್ಲದ ಮಡಕೆ ಸಿಕ್ಕಿತು. ಓಡಿಹೋಗಿ ನೋಡಿದರೆ ಲೋಟವೂ ಇರಲಿಲ್ಲ. ತುಂಡಾದ ತಂತಿಯೊಂದು ಜೋತಾಡುತ್ತಿತ್ತು. ಅದನ್ನು ಮಡಕೆಯ ಹಿಂದಕ್ಕೆ ಸರಿಸಿ ಫೋಟೋ ತೆಗೆದೆ. ಸುಬೇದಾರರಿಗೆ ಯಾವ ಮಡಕೆಯಾದರೂ ಆಗುತ್ತಿತ್ತು, ಆಂಟಿಗೆ ಆಗುತ್ತಿರಲಿಲ್ಲ. ಓಲೆ ಹೋಯಿತು, ಅಂಗಡಿ ಹೋಯಿತು, ಗಂಡ ಹೋದರು, ಉಳಿದಿದ್ದದ್ದು ಅದೊಂದು ಮಾತು. ಉಸಿರಿಗೆ ಒದ್ದಾಡುತ್ತಿದ್ದವರ ಮುಂದೆ ಹೋಗಿ ನಿಮ್ಮ ದೇಶವೂ ನಮ್ಮ ಶಿವಾಜಿನಗರದಂತೆಯೇ ಇದೆ ಎಂದು ಹೇಳುವ ಶಕ್ತಿ ನನಗಿರಲಿಲ್ಲ.

ಫ್ರೇಜರ್ ಟೌನಿನ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿಕೊಂಡು ನೇರ ಆಂಟಿಯ ಮನೆಗೆ ಹೋದೆ. ವರಾಂಡದಲ್ಲಿ ಎರಡು ದಿಂಬು ಒರಗಿಕೊಂಡು ಕೂತಿದ್ದರು. ಆರಿಸಿಟ್ಟಿದ್ದ ಒಂದು ಫೋಟೋವನ್ನು, ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಮೊಣಕೈ ಮುಟ್ಟಿ ಕೊಟ್ಟೆ. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

“ಲೋಟ ಎಲ್ಲಿ?” ಎಂದರು.

ತೊಳೆಯಲು ಒಳಗೆ ತೆಗೆದುಕೊಂಡು ಹೋಗಿದ್ದರು ಎಂದೆ. ಅವರು ಫೋಟೋ ಬಿಟ್ಟು ನನ್ನ ಮುಖ ನೋಡಿದರು. ಚಿಕ್ಕವಳಿದ್ದಾಗ ಹೋಮ್‌ವರ್ಕ್ ಆಯಿತು ಎಂದು ಹೇಳಿದಾಗ ನೋಡುತ್ತಿದ್ದರಲ್ಲ, ಹಾಗೆ.

“ಏ ಗದಗು. ಚೈನ್ ಇರೋ ಫೋಟೋ ತೆಗಿ.”

ಚೀಲದಿಂದ ಎಲ್ಲವನ್ನೂ ತೆಗೆದು ಮಡಿಲಿಗೆ ಹಾಕಿದೆ. ಒಂದೊಂದನ್ನೇ ನಿಧಾನವಾಗಿ ನೋಡಿದರು. ಸೈಕಲ್ ಚೈನಿನ ಫೋಟೋ ಬಂದಾಗ ನಕ್ಕೇಬಿಟ್ಟರು, ನಕ್ಕು ಕೆಮ್ಮು ಬಂತು. ನನಗೆ ಮೈಯುರಿಯಿತು. ಎಷ್ಟು ವರ್ಷ, ಎಷ್ಟು ಲೋಟ, ಆ ಭಾಯ್‌ಗೆ ಹೇಳಿದ್ದೇನು, ಬೀದಿಗೆಲ್ಲ ಹೇಳಿದ್ದೇನು. ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ.

“ಗೊತ್ತಿಲ್ದೆ ಏನು? ನಮ್ಮನೆ ಲೋಟಕ್ಕೆ ನಮ್ಮಪ್ಪಾನೇ ಹಾಕಿದ್ರು. ಒಳ್ಳೇ ದಪ್ಪ ಚೈನು.”

ಅವರು ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಂತರು.

“ಹೊರಡೋ ದಿನ ಬೆಳಿಗ್ಗೆ ದಿನಾ ಥರಾನೇ ಮಡಕೆ ತುಂಬಿಸಿದ್ರು. ತುಂಬಿಸಿ, ಚೈನ್ ಬಿಚ್ಚಿ ಬಿಸಾಕಿದ್ರು. ಇನ್ಮೇಲೆ ಕಾಯೋಕೆ ನಾವು ಇರಲ್ಲ, ಬೇಕಾದವ್ರು ತಗೊಂಡ್ ಹೋಗ್ಲಿ ಅಂತ. ಗಾಡೀಲಿ ಕೂತ್ಕೊಂಡು ತಿರುಗಿ ನೋಡ್ದೆ. ನಾನು ಕೊನೇಲಿ ನೋಡ್ದಾಗ ಚೈನ್ ಇರ್ಲಿಲ್ಲ ಕಣ್ಣು. ನಂಗೆ ಅಷ್ಟೇ ಗೊತ್ತು.”

ಯಾವ ಮಾತಿಗೂ ಒಂದು ಕೊಂಕು ಸಿದ್ಧವಾಗಿಟ್ಟುಕೊಂಡಿರುವವಳು ನಾನು. ಆ ಹೊತ್ತು ಒಂದೂ ಸಿಗಲಿಲ್ಲ. ಅವರ ಕಾಲ ಬಳಿ ನೆಲದ ಮೇಲೆ ಕೂತು ಅತ್ತೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ಉಳಿದ ಫೋಟೋಗಳನ್ನು ನೋಡುತ್ತ ಕೂತರು. ಆಮೇಲೆ ಸೈಕಲ್ ಚೈನಿನ ಫೋಟೋವನ್ನು ಬೇರೆ ಮಾಡಿ ನನ್ನ ಕೈಗಿಟ್ಟರು. ಸುಬೇದಾರನಿಗೆ ಇದನ್ನೇ ಕೊಡು, ಬೀಗ ಕಂಡರೆ ಅವನಿಗೆ ನಂಬಿಕೆ ಬರುತ್ತದೆ ಎಂದರು.

ನಿಜಕ್ಕೂ ಬಂತು. ಸುಬೇದಾರರು ಫೋಟೋವನ್ನು ಬಹಳ ಹೊತ್ತು ಪರಿಶೀಲಿಸಿ, ಇದಪ್ಪ ಡಿಸಿಪ್ಲಿನ್ ಎಂದು ಮೆಚ್ಚಿದರು. ಚರಂಡಿಯವರು ಕಟ್ಟೆಯನ್ನು ಬಿಟ್ಟು ಬಳಸಿ ಅಗೆದರು. ಆಡಿದ ಮಾತಿಗೆ ತಪ್ಪದೆ ಸುಬೇದಾರರು ಟೈಲ್ಸನ್ನೂ ಹಾಕಿಸಿದರು. ಫ್ಲಾಟಿನ ಬಚ್ಚಲಿಗೆ ತಂದು ಮಿಕ್ಕಿದ್ದವು, ಮೀನಿನ ಚಿತ್ರದವು.

ಮೀನುಗಳ ಮೇಲೆ ಮಡಕೆ ಮುಂದಿನ ಚಳಿಗಾಲದವರೆಗೆ ಕೂತಿತ್ತು. ಆಮೇಲೆ ಆಂಟಿ ಹೋದರು. ಒಂದು ಬೆಳಿಗ್ಗೆ ಮಡಕೆ ತುಂಬಲು ಹೊರಗೆ ಬರಲಿಲ್ಲವೆಂದು ನೀರು ಕುಡಿಯಲು ಬಂದ ಆಟೋದವನೇ ಗೇಟು ತಟ್ಟಿದ್ದು. ಗಂಡನ ಕಡೆಯ ನೆಂಟರು, ಅವರಿದ್ದಷ್ಟು ದಿನ ಎಲ್ಲಿದ್ದರೋ, ಬಂದು ಮನೆಯನ್ನು ಬಿಲ್ಡರಿಗೆ ಕೊಟ್ಟರು. ಕಟ್ಟೆ, ಮಾಡು, ಮೀನುಗಳೆಲ್ಲ ಒಂದೇ ಲಾರಿಯಲ್ಲಿ ಹೋದವು. ನನಗೆ ಸಾಣೆಕಲ್ಲು ಸಿಕ್ಕಿತು. ಹೂಕುಂಡದ ಚೈನನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು.

ಈಗ ರಾಮಮೂರ್ತಿ ನಗರದ ನಮ್ಮ ಗೇಟಿನ ಹೊರಗೆ ಒಂದು ಮಡಕೆ ಇದೆ. ಅಪ್ಪನೇ ಇಟ್ಟಿಗೆ ತಂದು ಕಟ್ಟೆ ಕಟ್ಟಿಸಿದ. ಇದು ಅರವಟ್ಟಿಗೆ ಅಲ್ಲ ಎಂದು ಕೇಳಿದವರಿಗೆಲ್ಲ ಅವನೇ ತಿದ್ದಿ ಹೇಳುತ್ತಾನೆ. ಬೀದಿಯಲ್ಲಿ ಲಾರಿ ಡ್ರೈವರುಗಳು, ತಳ್ಳುಗಾಡಿಯವರು ಬಹಳ, ಸಂಜೆಗೆ ಮಡಕೆ ಖಾಲಿ. ಲೋಟ ಮೊದಲ ವಾರವೇ ಹೋಯಿತು.

ಶಿವಾಜಿನಗರಕ್ಕೆ ಹೋದೆ. ಭಾಯ್‌ಗೆ ಗಡ್ಡ ಬೆಳ್ಳಗಾಗಿದೆ. ನನ್ನನ್ನು ದೂರದಿಂದ ಕಂಡು ಕೈ ತಾನಾಗಿ ಲೋಟದ ಕಡೆ ಹೋಯಿತು, ಆಮೇಲೆ ನನ್ನ ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ನೋಡಿ ಅಲ್ಲೇ ನಿಂತ. ಹೇಳಿದೆ. ಅವನು ತನ್ನ ಭಾಷೆಯಲ್ಲಿ ಆಂಟಿಗಾಗಿ ಒಂದು ದುವಾ ಹೇಳಿ, ಲೋಟ ಒರೆಸಿ, ಪೇಪರಿನಲ್ಲಿ ಸುತ್ತತೊಡಗಿದ. ಸುತ್ತುತ್ತ, ಇನ್ನಾದರೂ ಒಂದು ಚೈನ್ ಕೊಡಲಾ ಮೇಡಂ, ಫ್ರೀ, ಎಂದು ಮೆಲ್ಲಗೆ ಕೇಳಿದ.

ಊರು ತುಂಬ ಚೈನುಗಳನ್ನು ಕಣ್ಣಾರೆ ಕಂಡು, ಫೋಟೋ ಹಿಡಿದು ತಂದವಳು ನಾನು.

“ಬೇಡ ಭಾಯ್,” ಎಂದೆ. “ನಮ್ಮ ಬರ್ಮಾದಲ್ಲಿ ಯಾರೂ ಹಾಕಲ್ಲ.”